ಲೀಲಾವತಿಯ ಅಂಕಪಾಶ: ಉತ್ತರದಾಚೆಯ ಕಾರಣ

ಭಾಸ್ಕರಾಚಾರ್ಯನ ‘ಸಿದ್ಧಾಂತ ಶಿರೋಮಣಿ’ (1150) ಗ್ರಂಥದ ಮೊದಲ ಭಾಗ ‘ಲೀಲಾವತಿ’. ಅದರ ಕೊನೆಯ ಪ್ರಕರಣ ಅಂಕಪಾಶ. ಕೊಟ್ಟ ಅಂಕಿಗಳನ್ನು ಅದಲುಬದಲು ಮಾಡಿದರೆ ಎಷ್ಟು ಸಂಖ್ಯೆಗಳು ಹುಟ್ಟುತ್ತವೆ, ಅವೆಲ್ಲದರ ಮೊತ್ತವೆಷ್ಟು ಎಂಬುದು ಇಲ್ಲಿನ ವಿಷಯ.

ಉದಾಹರಣೆಗಳ ಆಯ್ಕೆಯಲ್ಲೇ ಈ ಪ್ರಕರಣದ ಹಿರಿಮೆಯಿದೆ. 2, 2, 1, 1 ಎಂಬ ಅಂಕಿಗಳು ಬೇರೆಬೇರೆಯಾಗಿದ್ದಿದ್ದರೆ 24 ಜೋಡಣೆಗಳಾಗುತ್ತಿದ್ದವು. ಸಮಾನ ಅಂಕಿಗಳು ತಮ್ಮೊಳಗೆ ಜಾಗ ಬದಲಿಸಿದರೆ ಸಂಖ್ಯೆ ಹೊಸದಾಗದು. ಹಾಗಾಗಿ 24ನ್ನು 4ರಿಂದ ಭಾಗಿಸಿ 6. ಪ್ರತಿ ಸ್ಥಾನದಲ್ಲೂ 2 ಮೂರು ಸಲ, 1 ಮೂರು ಸಲ ಬರುವುದರಿಂದ ಮೊತ್ತ 9999. ವಿದ್ಯಾರ್ಥಿ ಆರನ್ನೂ ಬರೆದು ಕೂಡಿ ತಾನೇ ತಾಳೆ ನೋಡಬಹುದು. ಸೂತ್ರವನ್ನು ಬಾಯಿಪಾಠ ಮಾಡಿಸುವ ಇಂದಿನ ಪಾಠಕ್ರಮಕ್ಕೆ ಈ ಗುಣ ಬೇಕೇ ಬೇಕು.

ವಿಕಲ್ಪಗಳ, ಅಂದರೆ ಕ್ರಮ ನೋಡದೆ ಕೆಲವನ್ನು ಆರಿಸುವ ಬಗೆಗಳ, ಲೆಕ್ಕ ಮಾತ್ರ ಇಲ್ಲಿಲ್ಲ. ಆರು ರಸಗಳನ್ನು ಬೆರೆಸುವ 63 ಬಗೆ, ಎಂಟು ಬಾಗಿಲುಗಳನ್ನು ತೆರೆಯುವ 255 ಬಗೆ ಬಹಳ ಹಿಂದೆಯೇ ‘ಲೀಲಾವತಿ’ಯ ಮಿಶ್ರವ್ಯವಹಾರ ಎಂಬ ಪ್ರಕರಣದಲ್ಲಿ ಬಂದುಹೋಗಿವೆ. ಹೀಗೆ ದೂರವಾದ್ದರಿಂದ ಎರಡರ ನಂಟು ಓದುಗನ ಕಣ್ಣಿಗೆ ಬೀಳುವುದಿಲ್ಲ.

ದೊಡ್ಡ ಕೊರತೆ ಕಾಣುವುದು ಕೊನೆಯ ಲೆಕ್ಕದಲ್ಲಿ. ಸೊನ್ನೆಯಿಲ್ಲದ ಐದು ಅಂಕಿಗಳ ಮೊತ್ತ 13 ಆಗುವ ಸಂಖ್ಯೆಗಳೆಷ್ಟು? ಉತ್ತರ 495. ಹದಿಮೂರು ಹುಣಸೆಬೀಜಗಳನ್ನು ಸಾಲಾಗಿಟ್ಟರೆ ನಡುವೆ 12 ಸಂದುಗಳು. ಅವುಗಳಲ್ಲಿ ನಾಲ್ಕನ್ನು ಆರಿಸಿ ಗೆರೆ ಎಳೆದರೆ ಐದು ಪಾಲು. 12 × 11 × 10 × 9ನ್ನು 24ರಿಂದ ಭಾಗಿಸಿದರೆ ಅದೇ 495. ಮೊತ್ತವು ಸ್ಥಾನಗಳ ಸಂಖ್ಯೆಗೆ 9 ಕೂಡಿಸಿದ್ದಕ್ಕಿಂತ ಕಡಿಮೆಯಿರಬೇಕೆಂಬ ಷರತ್ತನ್ನು ಭಾಸ್ಕರ ಹಾಕುತ್ತಾನೆ, ಕಾರಣ ಬಿಡಿಸುವುದಿಲ್ಲ. ಮೊತ್ತ 14 ಆದರೆ ಇದೇ ವಿಧಾನ 715 ಎನ್ನುತ್ತದೆ. ಅದರಲ್ಲಿ ಐದು ಕಡೆ ಒಂದೇ ಸ್ಥಾನಕ್ಕೆ 10 ಬಂದು ಕೂರುತ್ತದೆ, ಅದು ಅಂಕಿಯೇ ಅಲ್ಲ. ನಿಜವಾದ ಉತ್ತರ 710. ಸೂತ್ರ ಎಲ್ಲಿ ಕೈಕೊಡುತ್ತದೆಂದು ತೋರಿಸುವ ಇಂಥ ಸೊಗಸಾದ ಅವಕಾಶ ಸೂತ್ರರೂಪದ ಬಿಗುವಿನಲ್ಲಿ ಕೈತಪ್ಪಿದೆ. ಉಪಪತ್ತಿಗಳನ್ನು ಕೊಡುವ ಕೆಲಸ ಗಣೇಶ ದೈವಜ್ಞನ ‘ಬುದ್ಧಿವಿಲಾಸಿನಿ’ಯಂಥ ವ್ಯಾಖ್ಯಾನಗಳ ಪಾಲಿಗೆ ಬಂತು.

ಎಣಿಕೆಯ ಮುಂದಿನ ಹೆಜ್ಜೆಯಾದ ಸಂಭವನೀಯತೆಯ ಪ್ರಶ್ನೆ ಅಂಕಪಾಶದಲ್ಲಿಲ್ಲ. ಅದು ಸ್ಪಷ್ಟ ರೂಪ ಪಡೆದದ್ದು 1654ರಲ್ಲಿ, ಪಾಸ್ಕಲ್ ಮತ್ತು ಫರ್ಮಾ ನಡುವಿನ ಪತ್ರಗಳಲ್ಲಿ. ಆದರೂ ಇಂದಿನ ತರಗತಿಗೆ ಇದೇ 495 ಸಾಕು. ಐದಂಕಿಯ ಸಂಖ್ಯೆಗಳು ಒಟ್ಟು 90,000. ಎಲ್ಲಕ್ಕೂ ಸಮಾನ ಅವಕಾಶವಿಟ್ಟು ಒಂದನ್ನು ಎತ್ತಿದರೆ, ಅದು ಸೊನ್ನೆಯಿಲ್ಲದೆ ಮೊತ್ತ 13 ಬರುವ ಸಂಖ್ಯೆಯಾಗುವ ಸಂಭವನೀಯತೆ 0.0055. ಆ ಸಮಾನ ಅವಕಾಶ ಎಣಿಕೆಯಿಂದ ತಾನಾಗಿ ಬರುವುದಿಲ್ಲ, ಅದನ್ನು ಬೇರೆಯಾಗಿಯೇ ಹೇಳಬೇಕು.