ಇನ್ನೂರು ಮೀಟರಿನ ಲೆಕ್ಕ

ಪ್ರಮಾಣಿತ ಮೆಣಸಿನಕಾಯಿ ಬೀಜ ಬೆಳೆಯುವ ಹೊಲಕ್ಕೂ ಬೇರೆ ತಳಿಯ ಮೆಣಸಿನ ಹೊಲಕ್ಕೂ ಕನಿಷ್ಠ 200 ಮೀಟರ್ ಅಂತರವಿರಬೇಕು, ಮೂಲ ಬೀಜಕ್ಕಾದರೆ 400 ಎನ್ನುತ್ತದೆ ನಮ್ಮ ಬೀಜ ಪ್ರಮಾಣನದ ನಿಯಮ. ಭತ್ತಕ್ಕೆ 3 ಮೀಟರ್ ಸಾಕು. ಮೆಣಸಿನ ಹೂವೂ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ಆದರೆ ಅದಕ್ಕೆ ಜೇನುಹುಳುಗಳ ಓಡಾಟವಿದೆ, ಅವು ಬೇರೆ ತಳಿಯ ಪರಾಗ ತಂದು ಬೆರಕೆ ಮಾಡಬಲ್ಲವು. ಹಾಗಾಗಿ ಶಾಸ್ತ್ರದ ದೃಷ್ಟಿಯಿಂದ ನಿಯಮ ಸರಿ. ಅದನ್ನು ಎಂಥವರ ಹೊಲ ನೋಡಿ ಬರೆದರು ಎಂಬುದೇ ನನ್ನ ತಕರಾರು.

ಒಂದು ಎಕರೆ ಚೌಕದ ಸುತ್ತ 200 ಮೀಟರ್ ಅಳೆದರೆ ಸುಮಾರು 44 ಎಕರೆಯಾಗುತ್ತದೆ. ಅಷ್ಟರಲ್ಲೂ ಯಾರೂ ಬೇರೆ ಮೆಣಸಿನ ಸಸಿ ಹಚ್ಚುವಂತಿಲ್ಲ. ಬ್ಯಾಡಗಿ, ಕುಂದಗೋಳದ ಎರೆ ಸೀಮೆಯಲ್ಲಿ ಎರಡೆಕರೆಯ ರೈತ ಇದನ್ನು ಹೇಗೆ ಪಾಲಿಸಬೇಕು? ಬದುವಿನಾಚೆಯವನು ಹೆಚ್ಚು ಇಳುವರಿಯ ಹೈಬ್ರಿಡ್ ಹಚ್ಚಿದರೆ ಅದು ಅವನ ಹಕ್ಕು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂತು, ನಿಜ. ಆದರೆ ಆ ಕಾನೂನು ಕಾಯುವುದು ಹೆಸರನ್ನು.

ಬೆರಕೆ ಆದದ್ದು ಆ ವರ್ಷ ಕಣ್ಣಿಗೆ ಬೀಳುವುದೂ ಇಲ್ಲ. ಬಿಳಿ ಮೆಕ್ಕೆಜೋಳಕ್ಕೆ ಹಳದಿಯ ಪರಾಗ ಬಿದ್ದರೆ ಅದೇ ತೆನೆಯಲ್ಲಿ ಹಳದಿ ಕಾಳು ಕಾಣುತ್ತದೆ. ಮೆಣಸಿನಲ್ಲಿ ಹಾಗಲ್ಲ. ಕಾಯಿ ಪೂರ್ತಿ ತಾಯಿಗಿಡದ್ದು: ಅದೇ ಸುಕ್ಕು, ಅದೇ ಕಡುಗೆಂಪು. ಒಳಗಿನ ಬೀಜ ಮಾತ್ರ ಬೇರೆಯಾಗಿರುತ್ತದೆ. ಕಣದಲ್ಲಿ ಚೆಂದದ ಕಾಯಿ ಆರಿಸಿ ಬೀಜಕ್ಕಿಡುವ ನಮ್ಮ ಹಿರಿಯರ ಪದ್ಧತಿ ಸುತ್ತೆಲ್ಲ ಒಂದೇ ತಳಿ ಇದ್ದಾಗ ಸಾಕಾಗಿತ್ತು. ಈಗ ಸಾಲದು. ಮುಂದಿನ ವರ್ಷ ಗಿಡದ ಎತ್ತರ, ಕಾಯಿಯ ತೊಗಟೆ, ಖಾರ ಎಲ್ಲ ಹೆಚ್ಚುಕಡಿಮೆಯಾದ ಮೇಲೆ ರೈತನಿಗೆ ಗೊತ್ತಾಗುತ್ತದೆ.

ಹೂಬಿಡುವ ಕಾಲ ಹೊಂದಿಸಿ ಬೇರ್ಪಡಿಸಿ ಎಂಬ ಸಲಹೆ ಮೆಕ್ಕೆಜೋಳಕ್ಕೆ ಒಪ್ಪುತ್ತದೆ. ಮೆಣಸಿನ ಗಿಡ ತಿಂಗಳುಗಟ್ಟಲೆ ಹೂ ಬಿಡುತ್ತದೆ, ಮಳೆ ನಂಬಿದವರೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಸಸಿ ಹಚ್ಚುತ್ತಾರೆ.

ನನಗೆ ಮೆಚ್ಚುಗೆಯಾಗುವುದು ಪರದೆ. ಹೊಲದ ನಡುವೆ ಒಳ್ಳೆಯ ಗಿಡಗಳನ್ನು ಗುರುತಿಸಿ, ಅರಳಿದ ಹೂವು, ಕಟ್ಟಿದ ಕಾಯಿ ಕಿತ್ತು, ಸೊಳ್ಳೆಪರದೆಯ ಬಟ್ಟೆ ಹೊದಿಸಿದರೆ ಒಳಗೆ ಜೇನಿಲ್ಲದೆಯೂ ಕಾಯಿ ಕಟ್ಟುತ್ತದೆ. ಬೆಳಿಗ್ಗೆ ಗಿಡವನ್ನು ಮೆಲ್ಲಗೆ ಅಲ್ಲಾಡಿಸಿದರೆ ಇನ್ನೂ ಒಳ್ಳೆಯದು. ಇದರಲ್ಲೂ ಒಂದು ಕೊರತೆಯಿದೆ: ನಾಲ್ಕೈದು ಗಿಡಕ್ಕೇ ನಿಂತರೆ ತಳಿಯ ಒಳಗಿನ ವೈವಿಧ್ಯ ಕುಗ್ಗುತ್ತದೆ. ಮೂವತ್ತು ನಲವತ್ತು ಗಿಡ ಬೇಕು, ಅಷ್ಟು ಬಟ್ಟೆಗೆ ದುಡ್ಡೂ ಬೇಕು. ಸರ್ಕಾರದ ಬೀಜಗ್ರಾಮ ಯೋಜನೆಯ ಹೆಸರಿನಲ್ಲಿ ರಿಯಾಯಿತಿ ಬೀಜ ಹಂಚುವವರು ದೇಸಿ ಮೆಣಸಿನ ಊರುಗಳಿಗೆ ಮೊದಲು ಈ ಪರದೆ ಬಟ್ಟೆಯನ್ನು ಹಂಚಲಿ.