ಲಬೀದನ ಕಾವ್ಯದಲ್ಲಿ ಕುಲನಾಮವೂ ಬೇಟೆನಾಯಿಯೂ

ಅನ್ಯಭಾಷೆಯ ಕಾವ್ಯವನ್ನು ಓದುವಾಗ ಯಾವ ಹೆಸರಿನ ಅರ್ಥವನ್ನು ಬಿಡಿಸಬೇಕು, ಯಾವುದನ್ನು ಹಾಗೆಯೇ ಉಳಿಸಬೇಕು ಎಂಬ ವಿವೇಕ ಅವಶ್ಯ. ಕ್ರಿ.ಶ. 6-7ನೆಯ ಶತಮಾನಗಳ ಅರಬ್ಬೀ ಕವಿ ಲಬೀದನ 'ಮುಅಲ್ಲಕ' ಎಂಬ ಪ್ರಸಿದ್ಧ ದೀರ್ಘಕವಿತೆ ಇದಕ್ಕೆ ತಕ್ಕ ನಿದರ್ಶನ.

ಅರಬ್ಬರು ಕುಲವನ್ನು ಒಂದು ದೇಹವೆಂಬಂತೆ ಭಾವಿಸಿದರು. ದೊಡ್ಡ ಕುಲ 'ಕಬೀಲಾ'. ಅದರೊಳಗಿನ ಪಂಗಡ 'ಬತ್ನ್', ಎಂದರೆ ಹೊಟ್ಟೆ. ಅದಕ್ಕೂ ಕಿರಿದು 'ಫಖಿದ್', ಎಂದರೆ ತೊಡೆ. ರಕ್ತಸಂಬಂಧಕ್ಕೆ 'ರಹಿಮ್', ಗರ್ಭ. 'ಕರುಳಬಳ್ಳಿ' ಎನ್ನುವ ನಮಗೆ ಇದು ಅಪರಿಚಿತವೆನಿಸದು. ಆದರೆ ಲಬೀದನ ಕುಲದ ಹೆಸರು 'ಕಿಲಾಬ್'. 'ಕಲ್ಬ್' ಎಂದರೆ ನಾಯಿ. 'ಕಿಲಾಬ್' ಅದರ ಬಹುವಚನ. ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ನಕ್ಕರು. ನಾಯಿ ಎಂಬುದು ಅರಬ್ಬಿಯಲ್ಲಿಯೂ ಬೈಗುಳವಾಗಬಲ್ಲದು. ಆದರೂ ಕಿಲಾಬ್ ಮಾನ್ಯವಾದ ಕುಲನಾಮ. ಪ್ರವಾದಿ ಮುಹಮ್ಮದರ ವಂಶಾವಳಿಯಲ್ಲಿಯೂ ಆ ಹೆಸರಿನ ಪೂರ್ವಜನೊಬ್ಬನಿದ್ದಾನೆ.

ಈ ಕುಲದ ಕವಿಯೇ ಬೇಟೆನಾಯಿಗಳನ್ನು ವರ್ಣಿಸಿದ್ದಾನೆ. ತನ್ನ ಒಂಟೆಯ ವೇಗವನ್ನು ಹೊಗಳುತ್ತ ಅವನು ಅದನ್ನು ಕರು ಕಳೆದುಕೊಂಡ ಕಾಡುಹಸುವಿಗೆ ಹೋಲಿಸುತ್ತಾನೆ. ರಾತ್ರಿಯೆಲ್ಲ ಮಳೆಯಲ್ಲಿ ನೆನೆದ ಆ ಹಸುವಿನ ಮೇಲೆ ಬೇಟೆಗಾರರು ನಾಯಿಗಳನ್ನು ಛೂ ಬಿಡುತ್ತಾರೆ. ಹಸು ತಿರುಗಿ ನಿಂತು ಕೊಂಬಿನಿಂದ ಇರಿಯುತ್ತದೆ. ಬೇಟೆಗಾರರಿಗೆ ಹೆಸರಿಲ್ಲ, ಮಡಿದ ನಾಯಿಗಳಿಗೆ ಹೆಸರುಂಟು: ಕಸಾಬ್, ಸುಖಾಮ್. ಎರಡನೆಯದು ಕಪ್ಪು ಬಣ್ಣವನ್ನು ಸೂಚಿಸಿದರೆ ಮೊದಲನೆಯದು ಗಳಿಕೆಯ ಧಾತುವಿನಿಂದ ಬಂದುದು. ಗಳಿಸಿ ತರಬೇಕಾದ ನಾಯಿ ತನ್ನ ಪ್ರಾಣವನ್ನೇ ಕಳೆದುಕೊಂಡಿತು!

ಶೋಕಗೀತೆಯಲ್ಲಿ ನಾಯಿಗಳು ಕಾಡುಪಶುವನ್ನು ಕೊಲ್ಲುವುದೂ ಸ್ತುತಿಕಾವ್ಯದಲ್ಲಿ ಪಶುವೇ ನಾಯಿಗಳನ್ನು ಕೊಲ್ಲುವುದೂ ಕವಿಗಳ ರೂಢಿಯೆಂದು 9ನೆಯ ಶತಮಾನದ ಗದ್ಯಕಾರ ಅಲ್-ಜಾಹಿಜ್ 'ಪ್ರಾಣಿಗಳ ಗ್ರಂಥ'ದಲ್ಲಿ ಗುರುತಿಸಿದ್ದಾನೆ. ಹಾಗಾದರೆ ಕಸಾಬ್ ಸತ್ತುದು ರೂಢಿಯಂತೆಯೇ ಸರಿ. ಆದರೆ ಆ ಸಾವು ನಮ್ಮ ಎದೆಗೆ ತಾಗುವುದು ಹೆಸರಿನಿಂದ.

ಆದುದರಿಂದ ಅನುವಾದಕನು ಕಿಲಾಬನ್ನು 'ನಾಯಿಗಳ ಕುಲ'ವೆಂದು ಬಿಡಿಸಿದರೆ ಸರಿಯಾಗದು. ಅಲ್ಲಿ ಅರ್ಥವು ಹೆಸರಿನಲ್ಲಿ ಕರಗಿಹೋಗಿದೆ. ಕುಲನಾಮಕ್ಕೂ ಈ ಬೇಟೆಗೂ ಶ್ಲೇಷೆಯ ಗಂಟು ಹಾಕುವುದೂ ಅತಿಯಾದೀತು. ಆದರೆ ಕಸಾಬಿನ ಅರ್ಥವನ್ನು ಓದುಗನಿಗೆ ಮುಟ್ಟಿಸಲೇಬೇಕು. ಅಲ್ಲಿ ಅದು ಇನ್ನೂ ಜೀವಂತವಾಗಿದೆ. ನಿಘಂಟು ಎರಡು ಪದಗಳಿಗೂ ಅರ್ಥ ಕೊಡುತ್ತದೆ. ಯಾವುದು ಎಲ್ಲಿ ಸಲ್ಲುವುದೆಂಬುದನ್ನು ಕಾವ್ಯವೇ ಹೇಳಬೇಕು.

ಮರುದಿನ ನಾವು ಕಸಾಬಿನ ಪ್ರಸಂಗವನ್ನು ವಿವರಿಸಿದೆವು. ಹಿಂದಿನ ದಿನ ನಕ್ಕಿದ್ದ ಮಕ್ಕಳು ಸುಮ್ಮನೆ ಕೇಳಿದರು.