ೞಕಾರದ ನಾಮಧೇಯ: ಯೂನಿಕೋಡ್ ಕನ್ನಡ ವರ್ಣಪಟ್ಟಿಯ ವಿಮರ್ಶೆ

ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಹೋಬಳಿಯು ಕನ್ನಡ ತೆಲುಗುಗಳೆರಡೂ ಬಳಕೆಯಲ್ಲಿರುವ ಸೀಮೆಗೆ ಸೇರಿದುದು. ಈ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೯೦೫ರಲ್ಲಿ, ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ, ಕೋಲಾರ ಜಿಲ್ಲೆಯವುಗಳೊಡನೆ ಪ್ರಕಟಿಸಿದರು. ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾದುದು ೨೦೦೭ರಲ್ಲಿ. ಅಲ್ಲಿಯ ಹಳಗನ್ನಡ ಪಾಠಗಳನ್ನು ಇಂದು ಗಣಕಯಂತ್ರದಲ್ಲಿ ಅಚ್ಚಿಗೆ ಸಿದ್ಧಪಡಿಸುವವರಿಗೆ ೞಕಾರವು ಬೇಕೇ ಬೇಕು. ಅದು ಯಂತ್ರದ ವರ್ಣಪಟ್ಟಿಯಲ್ಲಿ ಉಂಟು. ಆದರೆ ಅದಕ್ಕಿಟ್ಟ ಹೆಸರು ತಪ್ಪು. ಆ ತಪ್ಪು ಏನನ್ನು ತಿಳಿಸುತ್ತದೆಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

೧೯೯೧ರಲ್ಲಿ ನೋಂದಣಿಯಾದ ಯೂನಿಕೋಡ್ ಸಂಸ್ಥೆಯಲ್ಲಿ ಮೈಕ್ರೋಸಾಫ್ಟ್, ಆಪಲ್ ಮೊದಲಾದ ತಂತ್ರಾಂಶದ ಒಡೆಯರು ಸದಸ್ಯರು. ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನೂ ಒಂದು ಹೆಸರನ್ನೂ ಗೊತ್ತುಮಾಡಿ, ಆ ಪಟ್ಟಿಯನ್ನು ಸರ್ವರಿಗೂ ಉಚಿತವಾಗಿ ಒದಗಿಸಿರುವರು. ಹೊರಗಿನ ತಂತ್ರಾಂಶಕಾರರೂ ಅಚ್ಚುಮೊಳೆಗಳನ್ನು ರಚಿಸುವವರೂ ಅದನ್ನೇ ನಂಬಿ ಕೆಲಸಮಾಡುತ್ತಾರೆ. ಇದು ಶ್ಲಾಘ್ಯವೇ ಸರಿ. ಆದರೆ ಪ್ರಕಟಣೆಯೊಂದೇ ಜ್ಞಾನವಿನಿಮಯವಾಗಲಾರದು. ಈ ಪಟ್ಟಿಯಲ್ಲಿ ೞಕಾರದ ಹೆಸರು ‘ಫಾ’ ಎಂದಿದೆ! ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ವಿವರಿಸಿದ, ೧೮೯೪ರ ಕಿಟ್ಟೆಲ್ ನಿಘಂಟುವಿನಲ್ಲಿ ಕಾಣುವ ಅಕ್ಷರವಿದು. ತಿಳಿವಳಿಕೆಯು ಅಚ್ಚಿನಲ್ಲಿತ್ತು, ಅದು ಪಟ್ಟಿಯನ್ನು ಮುಟ್ಟಲಿಲ್ಲ. ೧೯೯೬ರ ಎರಡನೆಯ ಆವೃತ್ತಿಯಿಂದೀಚೆಗೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮವಿರುವುದರಿಂದ, ತಿದ್ದುಪಡಿಯು ಪರ್ಯಾಯನಾಮಗಳ ಬೇರೊಂದು ಪಟ್ಟಿಯಲ್ಲಿ ಸೇರಿದೆ.

ಯಂತ್ರವು ಸಂಖ್ಯೆಯಿಂದ ನಡೆಯುವುದಾದುದರಿಂದ ಹೆಸರು ತಪ್ಪಿದರೆ ಹಾನಿಯೇನೆಂದು ಕೆಲವರು ಕೇಳಬಹುದು. ಯಂತ್ರಕ್ಕೆ ಹಾನಿಯಿಲ್ಲ, ನಿಜ. ಆದರೆ ಕನ್ನಡವನ್ನರಿಯದೆ ಹೆಸರನ್ನೇ ಆಧಾರವಾಗಿಟ್ಟು ಲಿಪ್ಯಂತರದ ಕೋಷ್ಟಕವನ್ನು ಹೂಡುವವನು ‘ಅೞಿ’ ಎಂಬಲ್ಲಿ ಫಕಾರವನ್ನು ಕಾಣುವನು. ಕಲ್ಲಿನಲ್ಲಿ ಕಂಡರಣೆಗಾರನು ಮಾಡಿದ ತಪ್ಪನ್ನೂ ನಾವು ಹಾಗೆಯೇ ಉಳಿಸಿ, ಶುದ್ಧಪಾಠವನ್ನು ಅಡಿಯಲ್ಲಿ ಕೊಡುತ್ತೇವೆ. ಆದರೆ ಆ ಕಂಡರಣೆಗಾರನನ್ನು ಕೇಳುವ ಉಪಾಯವು ನಮಗಿಲ್ಲ. ಇಲ್ಲಿಯಾದರೋ ಕೆತ್ತುವ ಮೊದಲೇ ಕೇಳಬಹುದಾಗಿತ್ತು, ಹೇಳಬಹುದಾಗಿತ್ತು.

ಹೇಳಿದಲ್ಲಿ ಫಲವುಂಟೆಂಬುದಕ್ಕೆ ಈಚಿನ ನಿದರ್ಶನಗಳಿವೆ. ತೆಲುಗಿನ ಇದೇ ಅಕ್ಷರವು ೨೦೧೪ರಲ್ಲಿ ಸರಿಯಾದ ಹೆಸರಿನೊಡನೆ ಸೇರಿತು. ಕನ್ನಡದ ಸಿದ್ಧಂ ಚಿಹ್ನೆಯು ೨೦೧೮ರಲ್ಲಿಯೂ ನಕಾರಪೊಲ್ಲು ೨೦೨೧ರಲ್ಲಿಯೂ ಸೇರಿದುವು. ಇವೆಲ್ಲ ಪ್ರಾಚೀನ ಬರಹಗಳ ಪ್ರಮಾಣವನ್ನು ತೋರಿಸಿ ಬರೆದ ಮನವಿಗಳ ಫಲ. ಇಂತಹ ಮನವಿಯನ್ನು ಯಾರು ಬೇಕಾದರೂ ಕಳುಹಿಸಬಹುದು.

ಆದುದರಿಂದ ದೋಷವನ್ನು ಒಡೆಯರ ಮೇಲೆ ಮಾತ್ರವೇ ಹೊರಿಸುವುದು ನ್ಯಾಯವಲ್ಲ. ಹೊಸ ಆವೃತ್ತಿಯ ಕರಡು ಹೊರಬಿದ್ದಾಗ ಅದನ್ನು ಓದಿ ಪರೀಕ್ಷಿಸುವುದು, ಗ್ರಂಥಸಂಪಾದನೆಯಂತೆಯೇ, ವಿದ್ವಾಂಸರ ಕರ್ತವ್ಯ. ಬಾಗಿಲು ತೆರೆದಿರುವಾಗ ಹೊರಗೆ ನಿಂತು ದೂರುವುದರಿಂದ ಅಕ್ಷರವು ಶುದ್ಧವಾಗದು.